ಕುದುರೆಯ ಮುಂದಿನ ಅರ್ಧ

ಸುಳ್ಳು ಹೇಳುತ್ತಿದ್ದೇವೆ ಅನ್ನುವುದು ತನ್ನನ್ನು ಅಷ್ಟಾಗಿ ಕಾಡುತ್ತಿಲ್ಲ, ಆ ಸುಳ್ಳು ಯಾರಿಗೂ ಗೊತ್ತಾಗದೇ ಉಳಿದುಬಿಡುತ್ತದಲ್ಲ ಅನ್ನುವುದೇ ಕಾಡುತ್ತಿದೆ ಎಂದು ವಾಣಿಶ್ರೀ ಭಾನುವಾರ ಬೆಳಿಗ್ಗೆ ಡೈರಿಯಲ್ಲಿ ಬರೆದಳು. ಬರೆದದ್ದನ್ನು ಓದಿದಾಗ ಅದು ತನ್ನ ಅಕ್ಷರವೇ ಹೌದೋ ಅಲ್ಲವೋ ಎಂದು ಅನುಮಾನವಾಯಿತು. ಮರ್ಯಾದಸ್ಥರ ಮನೆಯ ಹುಡುಗಿಯರು ಸುಳ್ಳಿಗೆ ಹೆದರುತ್ತಾರೆ. ತಾನೋ, ಸುಳ್ಳು ಇಷ್ಟು ಚೆನ್ನಾಗಿ ಬಂದಿದೆಯಲ್ಲ ಎಂದು ಮೂರು ದಿನದಿಂದ ಒಳಗೊಳಗೇ ಬೀಗುತ್ತಿದ್ದೇನೆ. ಪುಟ ಹರಿದುಬಿಡೋಣ ಅನ್ನಿಸಿತು. ಹರಿದರೆ ಅದರ ಬೆನ್ನಿಗಿರುವ ಮಂಗಳವಾರವೂ ಕಿತ್ತುಬರುತ್ತದೆ, ಮಂಗಳವಾರ ಕಣ್ಣು ಬರೆದು ಮುಗಿಸಿದ ದಿನ. ಡೈರಿಯನ್ನು ಮುಚ್ಚಿ, ಬಿ.ಎ. ಮಾರ್ಕ್ಸ್‌ಕಾರ್ಡುಗಳಿದ್ದ ಸೂಟ್‌ಕೇಸಿನೊಳಗೆ ಅಮ್ಮನ ಹಳೇ ರೇಷ್ಮೆ ಸೀರೆಯ ಕೆಳಗೆ ತುರುಕಿದಳು.

ಸುಳ್ಳು ಮೇಜಿನ ಮೇಲೆ ಕೂತಿತ್ತು. ಅಂಗೈ ತುಂಬುವಷ್ಟು ಅಗಲದ, ಗಾಜಿನಂತೆ ತಿಳಿಯಾದ ಅಕ್ರಿಲಿಕ್ಕಿನ ಉಬ್ಬು ಬಿಲ್ಲೆ. ಒಳಗೆ ಕುಂಕುಮಗೆಂಪಿನ ನಡುವೆ ಓಡುತ್ತಿರುವ ಬಿಳಿ ಕುದುರೆ. ಹಳೇ ಕಾರುಗಳ ಸ್ಟೇರಿಂಗಿನ ನಡುಮಧ್ಯದಲ್ಲಿ ಕೂರುವ ಹಾರ್ನ್ ಬಟನ್. ಐವತ್ತು ಅರವತ್ತರ ದಶಕದಲ್ಲಿ ಬೆಂಗಳೂರಿನ ಯಾವುದೋ ಅಂಗಡಿಯವರು ಇಂಥವನ್ನು ಮಾಡಿ ಮಾರುತ್ತಿದ್ದರಂತೆ. ಶೋಕಿಯಿದ್ದವರು ಕಂಪನಿಯ ಕರಿ ಬಟನ್ ತೆಗೆಸಿ ಇದನ್ನು ಹಾಕಿಸಿಕೊಳ್ಳುತ್ತಿದ್ದರಂತೆ. ಈಗ ಆ ಅಂಗಡಿಯೂ ಇಲ್ಲ, ಬಟನ್ನುಗಳೂ ಇಲ್ಲ. ನಿಟ್ಟೂರಿನ ಲಕ್ಷ್ಮೀನರಸಿಂಹಯ್ಯ ಮೇಷ್ಟ್ರ ಐವತ್ತೆಂಟರ ಫಿಯೆಟ್ಟಿನಲ್ಲಿ ಒಂದಿತ್ತು, ಅದೂ ಎಂದೋ ಒಡೆದುಹೋಗಿತ್ತು. ಉಳಿದ ಚೂರನ್ನು ಅವರು ಕರ್ಚೀಫಿನಲ್ಲಿ ಸುತ್ತಿಕೊಂಡು ತುಮಕೂರಿನ ಶೆಟ್ಟಿಹಳ್ಳಿಗೆ ಬಂದು, ಹಳೇ ಕಾರುಗಳ ಸಾಮಾನು ಹುಡುಕಿಕೊಡುವ ಅವಳ ಅಣ್ಣ ಅಂಜನ್‌ಕುಮಾರನ ಮುಂದೆ ಬಿಚ್ಚಿಟ್ಟಿದ್ದರು. ‘ಇದರ ಜೊತೆದು ಎಲ್ಲಾದ್ರೂ ಸಿಕ್ಕುತ್ತಾ ನೋಡಪ್ಪ. ಆದ್ರೆ ಒರಿಜಿನಲ್ಲೇ ಆಗ್ಬೇಕು. ಡೂಪ್ಲಿಕೇಟ್ ಆದ್ರೆ ಬೇಡ, ಆ ಜಾಗ ಖಾಲಿನೇ ಇರ್ಲಿ’ ಅಂದಿದ್ದರು. ಆ ಚೂರಿನಲ್ಲಿ ಉಳಿದಿದ್ದುದು ಕುದುರೆಯ ಬಾಲ, ಎರಡು ಹಿಂಗಾಲು, ಹೊಟ್ಟೆಯ ಒಂದಿಷ್ಟು. ಕತ್ತು, ಮುಖ, ಕಣ್ಣು, ಗಾಳಿಗೆತ್ತಿದ ಮುಂಗಾಲು ಇದ್ದ ಮುಂದಿನ ಅರ್ಧ ಯಾರ ಬಳಿಯೂ ಇರಲಿಲ್ಲ. ಬೆಂಗಳೂರು, ಅರಸೀಕೆರೆ, ತಿಪಟೂರಿನ ಗುಜರಿಗಳನ್ನೆಲ್ಲ ಎರಡು ತಿಂಗಳು ಜಾಲಾಡಿ ಸೋತ ಅಣ್ಣ, ಒಂದು ಸಂಜೆ, ನೀನೇ ಬರೆದುಬಿಡು ಎಂಬಂತೆ, ಆ ಚೂರನ್ನು ತಂದು ಅವಳ ಮೇಜಿನ ಮೇಲಿಟ್ಟಿದ್ದ.

ಗಾಜಿನ ಬೆನ್ನಿನ ಮೇಲೆ ಬರೆಯುವುದು ಅಪ್ಪ ಕಲಿಸಿದ ವಿದ್ಯೆ. ಗೂಳೂರಿನಿಂದ ಬಂದ ಚಿಕ್ಕಮಾರಯ್ಯ ತುಮಕೂರಿನ ಅರ್ಧ ಊರಿಗೆ ಬೋರ್ಡು ಬರೆದವನು. ಸಲೂನುಗಳ ಕನ್ನಡಿ, ಡಾಕ್ಟರುಗಳ ಗಾಜಿನ ಬಾಗಿಲು, ಬೇಕರಿಗಳ ಶೋಕೇಸು. ಒಳಗಡೆ ನಿಂತು ಉಲ್ಟಾ ಬರೆದ ಅಕ್ಷರ ರಸ್ತೆಯಲ್ಲಿ ಹೋಗುವವರಿಗೆ ನೇರವಾಗಿ ಕಾಣುತ್ತಿತ್ತು. ಫ್ಲೆಕ್ಸ್ ಬಂದು ಕೆಲಸ ನಿಂತಿತು, ಕೆಲಸ ನಿಂತ ಮೇಲೆ ಕೈ ನಡುಗಲು ಶುರುವಾಯಿತು. ಅಥವಾ ನಡುಕ ಮೊದಲೇ ಇತ್ತೋ ಏನೋ, ಕೆಲಸವಿದ್ದಾಗ ಯಾರಿಗೂ ಕಂಡಿರಲಿಲ್ಲ. ಹೀಗೆ ಹಿಂದಿನಿಂದ ಬರೆಯುವಾಗ ಎಲ್ಲವೂ ತಿರುಗಾಮುರುಗಾ. ಕಾಗದವಾದರೆ ಮೊದಲು ಹಿನ್ನೆಲೆ, ಅದರ ಮೇಲೆ ಮೈ, ಕೊನೆಗೆ ಕಣ್ಣು. ಇಲ್ಲಿ ಕಣ್ಣಿನ ಬೊಟ್ಟೇ ಮೊದಲು. ಆಮೇಲೆ ಮೂಗಿನ ಹೊಳ್ಳೆ, ಕತ್ತಿನ ಜೂಲಿನ ಗೆರೆಗಳು, ಅವುಗಳ ಮೇಲೆ ಮೈಯ ಬಿಳಿ, ಎಲ್ಲ ಮುಗಿದ ಮೇಲೆ ಎಲ್ಲವನ್ನೂ ಮುಚ್ಚುವ ಕೆಂಪು. ಸೊನ್ನೆ ನಂಬರಿನ ಬ್ರಷ್ಷು ಹಿಡಿದು ಉಸಿರು ಕಟ್ಟಿ ಕೂತಾಗ ಅವಳ ಕೈ ಒಂದು ಸಲವೂ ಅಲುಗುತ್ತಿರಲಿಲ್ಲ. ಅಲುಗುತ್ತಿದ್ದುದು ನಾಲಿಗೆ. ಮಾತಿನಲ್ಲಿ ಮೊದಲು ಹೇಳಬೇಕಾದ್ದು ಅವಳಿಗೆ ಕೊನೆಗೆ ಹೊಳೆಯುತ್ತಿತ್ತು, ಅಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಿದ್ದರು. ಕಳೆದ ವರ್ಷ ಬಿ.ಎಚ್. ರಸ್ತೆಯ ಒಂದು ಆಫೀಸಿನಲ್ಲಿ ಇಂಟರ್‌ವ್ಯೂ ಮಾಡಿದಾತ ‘ನಿಮ್ಮ ಬಗ್ಗೆ ಎರಡು ಮಾತು ಹೇಳಿ’ ಅಂದಾಗ ಹೆಸರು ಹೇಳಿದಳು, ಊರು ಹೇಳಿದಳು, ಮುಗಿಯಿತು. ಆತ ಫ್ಯಾನು ನೋಡುತ್ತ ಇನ್ನೂ ಒಂದಷ್ಟು ಹೊತ್ತು ಕಾದ. ಆ ಕಾಯುವಿಕೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಪ್ಪನಿಗೆ ಈ ತೊಂದರೆ ಇರಲಿಲ್ಲ. ಯಾವ ಬೋರ್ಡೇ ಇರಲಿ, ಬಲಗಡೆಯ ಕೆಳಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ‘ಮಾರ ಆರ್ಟ್ಸ್’ ಎಂದು ಬರೆಯದೆ ಬ್ರಷ್ಷು ತೊಳೆಯುತ್ತಿರಲಿಲ್ಲ. ಬೋರ್ಡು ಬರೆಯುವವರೆಲ್ಲರ ಪದ್ಧತಿ ಅದು. ಅಂಗಡಿ ಯಾರದಾದರೂ ಆಗಲಿ, ಮೂಲೆ ಬರೆದವನದು. ಕುದುರೆ ಮುಗಿಯುವ ಹೊತ್ತಿಗೆ ಅವಳೂ ಅಣ್ಣನನ್ನು ಕೇಳಿದ್ದಳು, ಕೆಳಗೆಲ್ಲಾದರೂ ಒಂದು ಅಕ್ಷರ ಹಾಕಲಾ ಅಂತ. ಅಣ್ಣ ಪಾಲಿಶ್ ಹಾಕುವ ಬಫಿಂಗ್ ಮೆಷಿನ್ ಆಫ್ ಮಾಡಿ ನಕ್ಕಿದ್ದ. ‘ಸೈನ್ ಹಾಕ್ತೀಯಾ? ಹಾಕು ಹಾಕು. ಜೊತೆಗೆ ಫೋಟೋನೂ ಅಂಟ್ಸು. ಡೂಪ್ಲಿಕೇಟು ಅಂತ ನಾವೇ ತಮಟೆ ಹೊಡ್ದಂಗಾಯ್ತದೆ.’ ಅವನು ಕೆಟ್ಟವನಲ್ಲ. ಹೊಸ ಅಕ್ರಿಲಿಕ್ ತುಂಡೊಂದನ್ನು ಲೇತ್‌ನಲ್ಲಿ ತಿರುಗಿಸಿ ಬಿಲ್ಲೆ ಮಾಡಿ, ಉಜ್ಜಿ ಉಜ್ಜಿ ಗಾಜು ಮಾಡಿದವನು ಅವನೇ. ಅವನ ಹೆಸರೂ ಅದರ ಮೇಲಿಲ್ಲ. ಆದರೆ ಅವನಿಗೆ ಬೇಕಾಗಿಲ್ಲ, ತನಗೆ ಬೇಕು. ಇದೇ ನಾಚಿಕೆಗೇಡು ಅನ್ನಿಸಿ ಅವಳು ಅವತ್ತು ಸುಮ್ಮನಾಗಿದ್ದಳು.

‘ವಾಣಿ, ಆಯ್ತೇನೇ? ಹತ್ತಕ್ಕೆ ನಿಟ್ಟೂರಲ್ಲಿರ್ಬೇಕು!’ ಅಣ್ಣ ಬೈಕಿನ ಹತ್ತಿರ ನಿಂತು ಕೂಗಿದ. ಗಿರಾಕಿಗಳ ಮನೆಗೆ ಅವನು ಅವಳನ್ನು ಕರೆದೊಯ್ಯುತ್ತಿರುವುದು ಇದೇ ಮೊದಲು. ಗಾಡಿ ಹಂಪುಗಳಲ್ಲಿ ಕುಲುಕಿದರೆ ಪಾಲಿಶಿಗೆ ಗೀರು ಬೀಳಬಹುದು, ಹಿಂದೆ ಮಡಿಲಲ್ಲಿಟ್ಟುಕೊಂಡು ಕೂರಲು ಒಬ್ಬರು ಬೇಕಿತ್ತು. ‘ಅಲ್ಲಿ ಏನೂ ಮಾತಾಡ್ಬೇಡ’ ಅಂದವನು ತಾನೇ ನಕ್ಕ. ‘ನಿಂಗ್ ಹೇಳೋದೇನು ಬಿಡು. ನಿನ್ ಬಾಯಿಂದ ಮಾತು ತೆಗ್ಯಕ್ಕೆ ಜೆಸಿಬಿ ತರಿಸ್ಬೇಕು. ಅದೇ ನಂಗೆ ಧೈರ್ಯ.’

‘ಸುಮ್ಕಿರ್ಲಾ, ಹೆಣ್ಮಗೀನ ಆಡ್ಕಬ್ಯಾಡ’ ಎಂದು ಒಳಗಿನಿಂದ ಅಮ್ಮ ಹೊಂಬಾಳಮ್ಮ ಗದರಿದಳು. ‘ವಾಣಿ, ಆ ಬಣ್ಣ ಮೆತ್ತಿರೋ ಚೂಡಿದಾರ ಬುಟ್ಟು ಬ್ಯಾರೆ ಹಾಕ್ಕಳೇ. ಮೇಷ್ಟ್ರ ಮನೆಗೆ ಹೋಗ್ತಿದೀಯ.’

ಅಪ್ಪ ಜಗಲಿಯ ಮೇಲೆ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದು ಕೂತಿದ್ದ. ಕೊಡು ಎಂಬಂತೆ ಗದ್ದ ಎತ್ತಿದ. ಅವಳು ಬಟನ್ನನ್ನು ಅವನ ಕಣ್ಣಿನ ಮಟ್ಟಕ್ಕೆ ಹಿಡಿದಳು. ಬಹಳ ಹೊತ್ತು ನೋಡಿ ‘ಕಣ್ಣು ಎಲ್ಲೀದು?’ ಎಂದು ಕೇಳಿದ. ‘ಕುಣಿಗಲ್ದು ಅಪ್ಪ.’ ‘ಹೂಂ’ ಅಂದ. ನಲವತ್ತು ವರ್ಷ ಬಣ್ಣದಲ್ಲಿ ಬದುಕಿದವನ ಆ ಒಂದು ‘ಹೂಂ’ ಅವಳ ಎದೆಯೊಳಗೆ ಹಿತ್ತಾಳೆ ಚೊಂಬು ಬಿದ್ದಂತೆ ಬಿದ್ದು ಬಹಳ ಹೊತ್ತು ಸದ್ದು ಮಾಡುತ್ತಿತ್ತು. ಬೈಕು ಹೊರಟಾಗ ಅವನು ಹಿಂದಿನಿಂದ ಕೂಗಿದ: ‘ಅಲ್ಲೋಗಿ ತಲೆ ಬಗ್ಗಿಸ್ಕಂಡ್ ನಿಂತ್ಕಬ್ಯಾಡ ಕಣವ್ವ!’

ಗುಬ್ಬಿ ಗೇಟಿನ ಬಳಿ ಲಾರಿಗಳ ಹಿಂದೆ ಬೈಕು ನಿಂತಿತು. ಅಲ್ಲಿ ಒಂದು ಸೈಕಲ್ ಶಾಪಿನ ಮೇಲೆ ಅಪ್ಪನ ತಗಡಿನ ಬೋರ್ಡು ಇನ್ನೂ ಇದೆ. ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಬಿಗಿದಿದ್ದಾರೆ. ಅಂಗಡಿಯ ಹೆಸರು ಮುಚ್ಚಿಹೋಗಿ ಮೂಲೆಯ ‘ಮಾರ ಆರ್ಟ್ಸ್’ ಮಾತ್ರ ಇಣುಕುತ್ತದೆ. ನೋಡಿದಾಗಲೆಲ್ಲ ಅವಳಿಗೆ ನಗು ಬರುತ್ತದೆ, ಹೆಮ್ಮೆಯ ನಗು. ಬೈಕು ಹೊರಟಿತು, ಗಾಳಿ ಕಿವಿಗೆ ತುಂಬಿತು, ಮಡಿಲಲ್ಲಿ ಟವೆಲಿನೊಳಗೆ ಬಟನ್ನು ಬೆಕ್ಕಿನ ಮರಿಯಂತೆ ಬೆಚ್ಚಗಾಯಿತು. ಹೋದ ತಿಂಗಳು ಲೈಬ್ರರಿಗೆ ಅಂತ ಸುಳ್ಳು ಹೇಳಿ ಅವಳು ಒಬ್ಬಳೇ ಕುಣಿಗಲ್ ಬಸ್ಸು ಹತ್ತಿದ್ದಳು. ಕುದುರೆ ಫಾರಮಿನ ಬೇಲಿಯ ಹೊರಗೆ ಅರ್ಧ ಗಂಟೆ ನಿಂತಿದ್ದಾಗ ತಿಪ್ಪಯ್ಯ ಎಂಬ ಕಾವಲುಗಾರ ಬಂದ. ‘ಯಾರ್ ಬೇಕಮ್ಮ?’ ಅವಳ ಬಾಯಿಗೆ ಬಂದದ್ದು ಒಂದೇ ಮಾತು: ‘ಕುದುರೆ.’ ಅವನು ಹಲ್ಲುಕಡ್ಡಿ ತೆಗೆದು ನಕ್ಕ. ‘ಎಷ್ಟ್ ಬೇಕು, ಕಟ್ಕೊಡ್ಲಾ? ಬಸ್ಸಲ್ಲಿ ಹೆಂಗೆ ತಗಂಡೋಗ್ತೀಯ?’ ಅವಳು ಚೀಲದಿಂದ ಪೆನ್ಸಿಲು, ಪುಸ್ತಕ ತೆಗೆದು ತೋರಿಸಿದಳು. ಅವನು ನಗು ನಿಲ್ಲಿಸಿ, ‘ಬಿಸ್ಲು ಏರೋಕ್ ಮುಂಚೆ ಈ ಮಗ್ಗುಲಿಗೆ ಬಾ, ಮೇಯಕ್ಕೆ ಬಿಡ್ತಾರೆ’ ಅಂದ. ಮೂರು ಭಾನುವಾರ ಹೋದಳು. ಮೂರನೆಯ ಭಾನುವಾರ ಒಂದು ಬಿಳಿ ಹೆಣ್ಣುಕುದುರೆ ಬೇಲಿಯವರೆಗೂ ಬಂದು, ಮುಖ ಓರೆ ಮಾಡಿ, ಒಂದೇ ಕಣ್ಣಿನಿಂದ ಅವಳನ್ನು ನೋಡಿತು. ಕಪ್ಪು ಎಂದುಕೊಂಡಿದ್ದ ಕಣ್ಣು ಕಪ್ಪಾಗಿರಲಿಲ್ಲ. ನೇರಳೆಹಣ್ಣಿನ ಸಿಪ್ಪೆಯ ಬಣ್ಣ, ಅದರ ಅಂಚಿನಲ್ಲಿ ನೂಲಿನಷ್ಟು ಬೆಳಕು, ಮೇಲೆ ನೆಟ್ಟಗಿನ ರೆಪ್ಪೆ. ಅದು ಹೆದರಿದ ಪ್ರಾಣಿಯ ಕಣ್ಣು, ಆದರೆ ಹೆದರಿಕೆಯಿಂದಲೇ ಓಡಲು ಕಲಿತು ಓಟವನ್ನು ಇಷ್ಟಪಟ್ಟುಬಿಟ್ಟ ಪ್ರಾಣಿಯ ಕಣ್ಣು. ಯಾವ ಪುಸ್ತಕದಲ್ಲಿಯೂ ಆ ಕಣ್ಣಿರಲಿಲ್ಲ. ಒಡೆದ ಆ ಹಳೇ ಬಟನ್ನಿನಲ್ಲಿಯೂ ಇದ್ದಿರಲಾರದು. ಹಿಂದಿನ ಅರ್ಧ ಬರೆದ ಬೆಂಗಳೂರಿನ ಆ ಯಾರೋ ಕುದುರೆಯನ್ನು ಕ್ಯಾಲೆಂಡರಿನಲ್ಲಿ ನೋಡಿದ್ದ ಅನ್ನುವುದು ಅವನು ಬರೆದ ಗೊರಸು ನೋಡಿದರೇ ಗೊತ್ತಾಗುತ್ತಿತ್ತು. ಹಾಗೆಂದುಕೊಂಡಾಗ ಅವಳಿಗೆ ತನ್ನ ಸೊಕ್ಕಿನ ಬಗ್ಗೆ ಗಾಬರಿಯಾಗಿ, ಅವನಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದ್ದಳು. ಗೊರಸನ್ನು ಮಾತ್ರ ಅವನು ಬರೆದಂತೆಯೇ ಬರೆದಿದ್ದಳು.

ನಿಟ್ಟೂರಿನಲ್ಲಿ ಮೇಷ್ಟ್ರು ಗೇಟಿನ ಹತ್ತಿರವೇ ಕಾಯುತ್ತಿದ್ದರು. ರಿಟೈರಾಗಿ ಹತ್ತು ವರ್ಷದ ಮೇಲಾದರೂ ಊರಿಗೆಲ್ಲ ಅವರು ಲೆಕ್ಕದ ಮೇಷ್ಟ್ರೇ. ಬಿಳಿ ಪಂಚೆ, ಮೇಲೆ ಬನಿಯನ್ನು, ಬೆರಳ ತುಂಬ ಗ್ರೀಸು. ಶೆಡ್ಡಿನ ನೆರಳಲ್ಲಿ ಕೆನೆಬಣ್ಣದ ಫಿಯೆಟ್ಟು ತೊಳೆದಿಟ್ಟ ಎಮ್ಮೆಯಂತೆ ಮಿರುಗುತ್ತಿತ್ತು. ಅದರ ಸುತ್ತ ಬಗ್ಗಿ ಎದ್ದು ಓಡಾಡುತ್ತಿದ್ದ ದಪ್ಪನೆಯ ಮನುಷ್ಯ ಕುಣಿಗಲ್ಲಿನ ಮಲ್ಲಿಕಾರ್ಜುನ್ ಎಂದು ಅಣ್ಣ ಅವಳ ಕಿವಿಯಲ್ಲಿ ಹೇಳಿದ: ಆರು ಹಳೇ ಕಾರು ಇಟ್ಟವನು, ಮುಂದಿನ ಭಾನುವಾರ ತುಮಕೂರಿನಲ್ಲಿ ನಡೆಯುವ ಹಳೇ ಕಾರುಗಳ ಪ್ರದರ್ಶನಕ್ಕೆ ತೀರ್ಪುಗಾರ, ಅವನು ಒರಿಜಿನಲ್ ಅಂದರೆ ಒರಿಜಿನಲ್, ಡೂಪ್ಲಿಕೇಟ್ ಅಂದರೆ ಅಲ್ಲಿಗೆ ಮುಗಿಯಿತು. ಅವನ ಜೇಬಿನಲ್ಲಿ ಭೂತಗನ್ನಡಿ ಇತ್ತು. ರಬ್ಬರನ್ನು ಉಗುರಿನಿಂದ ಕೆರೆದು ಮೂಸಿ ನೋಡುತ್ತಿದ್ದ.

‘ಈ ಮಡ್‌ಫ್ಲಾಪು ಡೂಪ್ಲಿಕೇಟು ಮೇಷ್ಟ್ರೇ. ಈ ಕನ್ನಡಿ ಡೂಪ್ಲಿಕೇಟು. ವೈಪರಂತೂ ಮೊನ್ನೆ ಹುಟ್ಟಿದ್ದು. ಈ ಕಾರಲ್ಲಿ ನೀವೊಬ್ರೇ ಒರಿಜಿನಲ್ಲು ಅನ್ಸುತ್ತೆ.’

‘ನನ್ನ ಹಲ್ಲೂ ಡೂಪ್ಲಿಕೇಟು ಕಣಯ್ಯ’ ಎಂದು ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತು ಕಣ್ಣು ಅವಳ ಕೈಯಲ್ಲಿದ್ದ ಟವೆಲಿಗೆ ಬಂತು. ‘ಅದೇನಾ?’

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ದೊಡ್ಡಗಂಗಮ್ಮ ಮಜ್ಜಿಗೆ ತಂದರು. ಯಾರು, ಎಲ್ಲಿಯವರು ಎಂದು ವಿಚಾರಿಸಿದರು. ಅಣ್ಣ ಗೂಳೂರು ಅಂದ. ‘ಗೂಳೂರಲ್ಲಿ ಯಾರ ಪೈಕಿ?’ ‘ಮಾರ ಆರ್ಟ್ಸ್ ಚಿಕ್ಕಮಾರಯ್ಯನ ಮಕ್ಳು ಕಣಮ್ಮ.’ ‘ಓ, ಬೋರ್ಡ್ ಬರಿಯೋ ಮಾರನ ಮಕ್ಳಾ’ ಅಂದರು ದೊಡ್ಡಗಂಗಮ್ಮ. ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ‘ಅಯ್ಯ’ ಮಾತ್ರ ಎಲ್ಲಿಯೋ ಬಿದ್ದುಹೋಗಿತ್ತು. ಒಳಗೆ ಹೋದವರು ಮತ್ತೆ ಬಂದಾಗ ಮೇಷ್ಟ್ರಿಗೂ ಮಲ್ಲಿಕಾರ್ಜುನ್‌ಗೂ ಕೊಟ್ಟಂಥ ಸ್ಟೀಲ್ ಲೋಟಗಳ ಬದಲು ಅವರಿಬ್ಬರ ಕೈಗೆ ಪೇಪರ್ ಲೋಟ ಬಂತು. ಲೋಟ ಕಡಿಮೆ ಇರಬಹುದು, ತೊಳೆಯಲು ಹಾಕಿರಬಹುದು, ಭಾನುವಾರ ಕೆಲಸದವಳು ಬಂದಿರಲಿಕ್ಕಿಲ್ಲ ಎಂದು ವಾಣಿಶ್ರೀ ಒಂದೊಂದೇ ಕಾರಣವನ್ನು ಮುಂದಿಟ್ಟುಕೊಂಡು, ಒಂದನ್ನೂ ನಂಬದೆ, ಮಜ್ಜಿಗೆ ಕುಡಿದಳು. ಮಜ್ಜಿಗೆ ಚೆನ್ನಾಗಿತ್ತು. ಲೋಟದ ಅಂಚು ಮೆತ್ತಗಾಗುವಷ್ಟು ಹೊತ್ತು ಅವಳು ಅದನ್ನು ತುಟಿಯಿಂದ ತೆಗೆಯಲಿಲ್ಲ, ಮುಖ ಅದರ ಹಿಂದಿರಲಿ ಎಂದು. ಆಗಲೂ ಒಳಗೆ ಒಂದು ದನಿ ಹೇಳುತ್ತಿತ್ತು: ನಿಮ್ಮ ಶೆಡ್ಡಿಗೆ ನಾನು ತಂದಿರುವುದನ್ನು ಒಂದು ಗಳಿಗೆ ನೋಡಿ, ಆಮೇಲೆ ಯಾವ ಲೋಟದಲ್ಲಿ ಬೇಕಾದರೂ ಕೊಡಿ.

ಅಣ್ಣ ಟವೆಲ್ ಬಿಚ್ಚಿದ. ಅವನ ಕತೆ ತಯಾರಾಗಿತ್ತು. ‘ಅರಸೀಕೆರೆ ಹತ್ರ ಒಂದು ಗುಜರಿ ಕಾರು ಸಾರ್. ಬಾಡಿ ಎಲ್ಲಾ ತುಕ್ಕು ತಿಂದು ಬಯಲಲ್ಲಿ ಬಿದ್ದಿತ್ತು. ಸೀಟ್ ಮ್ಯಾಲೆ ಕೋಳಿ ಕಾವು ಕೂತಿತ್ತು ಸಾರ್, ಬಿಡ್ತಾನೇ ಇಲ್ಲ. ಈ ನೋಡಿ, ಕುಕ್ಕಿರೋದು.’ ಮುಂಗೈಯ ಹಳೇ ಕಲೆಯೊಂದನ್ನು ತೋರಿಸಿದ. ಎಲ್ಲರೂ ನಕ್ಕರು. ಕೋಳಿ ನಿನ್ನೆಯ ಕತೆಯಲ್ಲಿರಲಿಲ್ಲ, ಬೈಕಿನಲ್ಲಿ ಬರುವಾಗ ಹುಟ್ಟಿದ್ದಿರಬೇಕು. ಅಣ್ಣನೂ ಒಂಥರಾ ಬರೆಯುವವನೇ ಎಂದು ಅವಳಿಗೆ ಮೊದಲ ಸಲ ಹೊಳೆಯಿತು. ಅವನ ಕೋಳಿಗಾದರೂ ಎದುರೆದುರೇ ಇಷ್ಟು ನಗು ಸಿಕ್ಕಿತು.

ಮೇಷ್ಟ್ರು ಮಾತ್ರ ನಗಲಿಲ್ಲ. ಬಟನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಡ್ರೈವರ್ ಸೀಟಿನಲ್ಲಿ ಕೂತು, ಸ್ಟೇರಿಂಗಿನ ನಡುವಿನ ಖಾಲಿ ಗುಂಡಿಗೆ ಅದನ್ನು ಕೂರಿಸಿದರು. ಟಕ್ಕೆಂದು ಕೂತಿತು. ಹೆಬ್ಬೆರಳಿನಿಂದ ಒತ್ತಿದರು. ಹಾರ್ನು ಕೂಗಿದಾಗ ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ಅವರು ಬೆರಳನ್ನು ಬೇಗ ತೆಗೆಯಲಿಲ್ಲ. ತೆಗೆದಾಗ ಅವರ ಮುಖ ಎಪ್ಪತ್ತು ದಾಟಿದವರ ಮುಖವಾಗಿರಲಿಲ್ಲ. ‘ನಮ್ಮಪ್ಪ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಗುಬ್ಬಿ ತನಕ ಓಡ್ಸೋರು’ ಎಂದರು, ಯಾರಿಗೂ ಅಲ್ಲದಂತೆ. ‘ರಸ್ತೆ ನನಗೆಲ್ಲಿ ಕಾಣ್ಬೇಕು, ಅಷ್ಟೆತ್ತರ ಇರ್ಲಿಲ್ಲ. ಗುಬ್ಬಿ ಬರೋವರ್ಗೂ ಈ ಕುದುರೆ ಕಣ್ಣನ್ನೇ ನೋಡ್ತಾ ಕೂತಿರ್ತಿದ್ದೆ. ಇದೇ ಕಣ್ಣು. ನೋಡಿ, ಇದೇ.’

ವಾಣಿಶ್ರೀ ಬಗ್ಗಿ ಆ ಕಣ್ಣನ್ನು ನೋಡಿದಳು. ಆ ಕಣ್ಣು ಹೋದ ತಿಂಗಳು ಕುಣಿಗಲ್ಲಿನ ಬೇಲಿಯ ಆಚೆಯಿಂದ ತನ್ನನ್ನು ನೋಡಿದ್ದು. ಅದನ್ನು ಇವರು ಅರವತ್ತೈದು ವರ್ಷದಿಂದ ನೆನಪಿಟ್ಟುಕೊಂಡಿದ್ದಾರೆ. ಹಾಗಾದರೆ ತಾನು ಇವರ ಬಾಲ್ಯದೊಳಕ್ಕೆ ಹಿಂಬಾಗಿಲಿನಿಂದ ನುಗ್ಗಿ, ಅಲ್ಲಿ ಅವರಪ್ಪನ ತೊಡೆಯ ಎದುರು ಕೂತು, ಬ್ರಷ್ಷು ತೊಳೆದು ಎದ್ದುಬಂದಿದ್ದೇನೆ. ಪಾಪ ಅನ್ನಿಸಬೇಕಿತ್ತು, ಅನ್ನಿಸಿತು ಕೂಡ. ಆದರೆ ಪಾಪಕ್ಕಿಂತ ಮುಂಚೆ, ಅದರ ಮೈಮೇಲೆಲ್ಲ ಹರಡಿ, ಎಂದೂ ಕಾಣದಷ್ಟು ದೊಡ್ಡ ಹೆಮ್ಮೆ ಬಂದು ನಿಂತಿತು. ಬಿ.ಎ.ಯಲ್ಲಿ ಫಸ್ಟ್ ಕ್ಲಾಸು ಬಂದಾಗ ಹೀಗಾಗಿರಲಿಲ್ಲ. ಆ ಹೆಮ್ಮೆಗೆ ಬಾಯಿ ಇರಲಿಲ್ಲ, ಅಷ್ಟೆ. ಈಗ ಹೇಳಿದರೆ ಇವರು ನೆನಪಿಟ್ಟುಕೊಂಡ ಕಣ್ಣು ಹೋಗುತ್ತದೆ, ಅಣ್ಣನ ಮಾತು ಹೋಗುತ್ತದೆ, ಮುಂದಿನ ಭಾನುವಾರ ಈ ಕಾರಿಗೆ ಬರುವ ಹೆಸರೂ ಹೋಗುತ್ತದೆ. ಹೇಳದಿದ್ದರೆ ಹೋಗುವುದು ತಾನೊಬ್ಬಳೇ. ಒಬ್ಬಳು ಹೋದರೆ ಯಾರಿಗೇನು ನಷ್ಟ, ಎಷ್ಟು ಕಡೆ ತಾನು ಇದ್ದೂ ಇಲ್ಲದೆ ಎದ್ದು ಬಂದಿಲ್ಲ. ಸುಮ್ಮನಿರುವುದು ತನಗೆ ಕೈ ಬಂದ ಕೆಲಸ. ಅದರಲ್ಲಿ ತಪ್ಪಾಗುವುದಿಲ್ಲ.

‘ನೆರಳಲ್ಲಿ ಎಲ್ಲಾ ಒರಿಜಿನಲ್ಲೇ ಕಾಣೋದು’ ಅಂದ ಮಲ್ಲಿಕಾರ್ಜುನ್, ಭೂತಗನ್ನಡಿಯನ್ನು ಅಂಗಿಗೆ ಒರೆಸುತ್ತ. ‘ಆಚೆ ತಳ್ಳಿ, ಬಿಸಿಲಲ್ಲಿ ನೋಡೋಣ.’

ಮೇಷ್ಟ್ರು ನ್ಯೂಟ್ರಲ್‌ಗೆ ಹಾಕಿ ಕೂತರು, ಉಳಿದವರು ತಳ್ಳಿದರು. ವಾಣಿಶ್ರೀಯೂ ಕೈ ಕೊಟ್ಟಳು. ಕಾರು ಅಂಗಳಕ್ಕೆ ಬಂದು, ಕೊಬ್ಬರಿ ಹರವಿದ್ದ ಕಣದ ಪಕ್ಕದಲ್ಲಿ ನಿಂತಿತು. ಹನ್ನೊಂದರ ಬಿಸಿಲು ಮುಂದಿನ ಗಾಜಿನಿಂದ ನೇರವಾಗಿ ಸ್ಟೇರಿಂಗಿನ ಮೇಲೆ ಬಿತ್ತು. ಮಲ್ಲಿಕಾರ್ಜುನ್ ಒಂದು ಕಡೆಯ ಬಾಗಿಲಿನಿಂದ ಬಗ್ಗಿದ, ಅಣ್ಣ ಅವನ ಹೆಗಲ ಮೇಲಿಂದ ಇಣುಕಿದ, ಅವಳು ಇನ್ನೊಂದು ಕಡೆಯ ಕಿಟಕಿಯಿಂದ ನೋಡಿದಳು.

ಕುದುರೆಯ ಹೊಟ್ಟೆ ಬೆಳ್ಳಗಿರಲಿಲ್ಲ. ಕತ್ತು ಬಿಳಿ, ಮುಖ ಬಿಳಿ, ಎದೆಯಿಂದ ಹಿಂದಕ್ಕೆ ಮಾತ್ರ ಎಳೆ ಗುಲಾಬಿ. ಹಿಂದಿನ ಕೆಂಪು ಬಿಳಿಯೊಳಗಿಂದ ಸೋರಿ ಮುಂದಕ್ಕೆ ಬಂದಿತ್ತು, ಒದ್ದೆ ಅಂಗಿಯೊಳಗಿಂದ ಮೈ ಕಂಡಂತೆ. ಕೋಣೆಯ ಟ್ಯೂಬ್‌ಲೈಟಿನಲ್ಲಿ ಅದು ಹಾಲಿನಂತಿತ್ತು. ಅಣ್ಣ ಅವಸರ ಮಾಡಿರಲಿಲ್ಲ, ಅಪ್ಪ ಅವಸರ ಮಾಡಿರಲಿಲ್ಲ. ಕಣ್ಣು, ಕತ್ತು ಚೆನ್ನಾಗಿ ಬಂದವಲ್ಲ ಎಂಬ ಸಂಭ್ರಮದಲ್ಲಿ, ಪೂರ್ತಿ ಕುದುರೆಯನ್ನು ಬೇಗ ನೋಡಿಬಿಡುವ ಆಸೆಯಲ್ಲಿ, ಹೊಟ್ಟೆಯ ಬಿಳಿ ಒಣಗುತ್ತಿದ್ದಂತೆಯೇ ಕೆಂಪಿನ ಡಬ್ಬಿ ತೆರೆದವಳು ತಾನೇ. ಇಂಟರ್‌ವ್ಯೂ ಕೋಣೆಯಲ್ಲಿ ಆಗಿದ್ದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಅಲ್ಲಿ ತಾನು ಇದ್ದೂ ಇಲ್ಲದಂತಿದ್ದುದಕ್ಕೆ ನಾಚಿದ್ದಳು. ಇಲ್ಲಿ, ಇಷ್ಟೊಂದು ಬಿಸಿಲಿನಲ್ಲಿ, ಅವಳು ಎದ್ದು ಕಾಣುತ್ತಿದ್ದಳು. ಈಗ ಸಿಕ್ಕಿಬಿದ್ದೆವು ಎಂದು ಅವಳು ಅಣ್ಣನ ಮುಖ ನೋಡಿದಳು. ಅಣ್ಣನ ಮುಖ ಬಿಳಿಚಿಕೊಂಡಿತ್ತು.

ಮಲ್ಲಿಕಾರ್ಜುನ್ ಬಹಳ ಹೊತ್ತು ಭೂತಗನ್ನಡಿ ಹಿಡಿದು ನೋಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ‘ಮೇಷ್ಟ್ರೇ, ಒಪ್ದೆ’ ಅಂದ. ‘ಹೊಟ್ಟೆ ಹತ್ರ ನೋಡಿ, ಗುಲಾಬಿ ತಿರುಗಿದೆ. ಅರವತ್ತು ವರ್ಷದ ಬಿಸಿಲು ಇದು. ಬಿಳಿ ವಯಸ್ಸಾಗೋದೇ ಹಿಂಗೆ. ಇದನ್ನ ಯಾವನೂ ಡೂಪ್ಲಿಕೇಟ್ ಮಾಡಕ್ಕಾಗಲ್ಲ. ನೂರಕ್ಕೆ ನೂರು ಒರಿಜಿನಲ್ಲು.’

‘ನಾನು ಹೇಳ್ಲಿಲ್ವಾ’ ಅಂದರು ಮೇಷ್ಟ್ರು. ಅಣ್ಣನಿಗೆ ಉಸಿರು ಬಂತು. ಕಾರಿನ ಮೇಲಿಂದ ಅವಳ ಕಡೆ ನೋಡಿ ಒಂದು ಕಣ್ಣು ಹೊಡೆದ. ದೊಡ್ಡಗಂಗಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಗುತ್ತಿದ್ದರು. ಎಲ್ಲವೂ ಸರಿಹೋಗಿತ್ತು. ಅವಳ ತಪ್ಪಿಗೆ ವಯಸ್ಸು ಎಂದು ಹೆಸರಿಟ್ಟು ಎಲ್ಲರೂ ಸುಖವಾಗಿದ್ದರು. ಕಣ್ಣಿಗಾಗಿ ಮೂರು ಭಾನುವಾರ ಬೇಲಿಯ ಹತ್ತಿರ ನಿಂತದ್ದನ್ನು ಯಾರೂ ನೋಡಲಿಲ್ಲ, ಜೂಲಿನ ಒಂದೊಂದು ಕೂದಲನ್ನೂ ಉಸಿರು ಕಟ್ಟಿ ಎಳೆದದ್ದನ್ನು ನೋಡಲಿಲ್ಲ. ಅಜಾಗರೂಕತೆಯಿಂದ ಬಿಟ್ಟದ್ದೊಂದನ್ನು ಹಿಡಿದು ಇದೇ ಅಸಲು ಅನ್ನುತ್ತಿದ್ದಾರೆ. ಇದನ್ನು ಒಪ್ಪಿಕೊಂಡರೆ ಇನ್ನು ಮುಂದೆ ತಾನು ಏನು ಬರೆದರೂ, ಯಾರಿಗೆ ಬರೆದರೂ, ಚೆನ್ನಾಗಿ ಬರೆಯಬೇಕಾದ ಅಗತ್ಯವೇ ಇರುವುದಿಲ್ಲ.

‘ಆ ಕಾಲದ ಕೈಗಳೇ ಬೇರೆ ಬಿಡಿ’ ಎನ್ನುತ್ತಿದ್ದ ಮಲ್ಲಿಕಾರ್ಜುನ್. ‘ಈಗಿನೋರ ಕೈಲಿ ಎಲ್ಲಾಗುತ್ತೆ? ಸ್ಟಿಕರ್ ಅಂಟಿಸ್ತಾರೆ, ಮುಗೀತು. ಕೆಲಸ ಅಂದ್ರೇನು ಅಂತಾನೇ ಗೊತ್ತಿಲ್ಲ.’

ಕಿಟಕಿಯ ಅಂಚನ್ನು ಹಿಡಿದಿದ್ದ ಅವಳ ಕೈ ಅಲುಗುತ್ತಿರಲಿಲ್ಲ. ಕೈ ಒಳಗೆ ಚಾಚಿ, ಮೇಷ್ಟ್ರ ಗ್ರೀಸಿನ ಬೆರಳುಗಳ ಪಕ್ಕದಲ್ಲಿ, ಕುದುರೆಯ ಹೊಟ್ಟೆಯ ಮೇಲೆ ತನ್ನ ಬೆರಳಿಟ್ಟಳು. ‘ವಾಣಿ’ ಎಂದ ಅಣ್ಣ, ಮೆಲ್ಲಗೆ. ಮೇಷ್ಟ್ರು ಅವಳ ಕಡೆ ತಿರುಗಿದರು. ಈ ಹುಡುಗಿಗೂ ಒಂದು ದನಿ ಇರಬಹುದೆಂದು ಇದುವರೆಗೆ ಅಂದುಕೊಂಡಿರಲಿಲ್ಲವೇನೋ ಎಂಬಂತೆ ನೋಡಿದರು. ಅವಳೂ ಅವರನ್ನೇ ನೋಡಿದಳು, ಮಲ್ಲಿಕಾರ್ಜುನ್‌ನನ್ನಲ್ಲ.

‘ಅದು ಬಿಸಿಲಿಗೆ ಆಗಿದ್ದಲ್ಲ ಸಾರ್’ ಎಂದಳು. ಮಾತುಗಳು ಒಂದರ ಹಿಂದೆ ಒಂದು, ಬರಬೇಕಾದ ಸಾಲಿನಲ್ಲೇ ಬಂದವು. ‘ಬಿಳಿ ಎರಡು ಕೋಟ್ ಕೊಡ್ಬೇಕಿತ್ತು. ನಾನು ಒಂದೇ ಕೊಟ್ಟಿದೀನಿ.’